ಹೊಸಬರಿಗೆ ಮಾರ್ಗದರ್ಶಿ: ಆಸ್ಪತ್ರೆ ನೌಕರರ ಓ.ಟಿ. ಲೆಕ್ಕ

ಮಸ್ಕಿ, ಕುಷ್ಟಗಿ, ಸಿಂಧನೂರು ಕಡೆಯಿಂದ ಬಳ್ಳಾರಿಯ ಆಸ್ಪತ್ರೆಗಳಿಗೆ ಕೆಲಸಕ್ಕೆ ಬರುವ ಕುಟುಂಬಗಳಿಗೆ ಬಾಡಿಗೆ ಮನೆ, ಮಕ್ಕಳ ಶಾಲೆ ತೋರಿಸುವವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹೆಚ್ಚುವರಿ ಡ್ಯೂಟಿಯ (ಓವರ್‌ಟೈಮ್, ಅಂದರೆ ಓ.ಟಿ.) ಹಣವನ್ನು ಹೇಗೆ ಎಣಿಸಬೇಕೆಂದು ಹೇಳಿಕೊಡುವವರು ಕಡಿಮೆ ಇರುವುದರಿಂದ ಈ ಭಾಗವನ್ನು ಬರೆಯಲಾಗಿದೆ.

ಯಾರಿಗೆ ಅನ್ವಯ

ಖಾಸಗಿ ಆಸ್ಪತ್ರೆಯ ನರ್ಸ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು, ವಾರ್ಡ್ ಬಾಯ್‌ಗಳು, ಆಯಾಗಳು ಹಾಗೂ ಹೊರಗುತ್ತಿಗೆ ನೌಕರರಿಗೆ. ಸರ್ಕಾರಿ ಆಸ್ಪತ್ರೆಯ ಕಾಯಂ ನೌಕರರಿಗೆ ಅವರವರ ಸೇವಾ ನಿಯಮಗಳೇ ಬೇರೆ.

ಲೆಕ್ಕ ಮಾಡುವ ಬಗೆ

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ ಎಂಬ ಕಾನೂನಿನ 14ನೇ ಕಲಮಿನ ಪ್ರಕಾರ, ಸಾಮಾನ್ಯ ದಿನದ ಅವಧಿಯನ್ನು ಮೀರಿ ದುಡಿದ ಪ್ರತಿ ಗಂಟೆಗೂ ಸಾಮಾನ್ಯ ದರದ ಎರಡು ಪಟ್ಟಿಗಿಂತ ಕಡಿಮೆ ಕೊಡುವಂತಿಲ್ಲ. ಔದ್ಯೋಗಿಕ ಸುರಕ್ಷತಾ ಸಂಹಿತೆಯು ದಿನದ ಕೆಲಸಕ್ಕೆ 8 ಗಂಟೆಯ ಮಿತಿ ಹಾಕಿದೆ, ಓ.ಟಿ.ಗೆ ನಿಮ್ಮ ಒಪ್ಪಿಗೆಯೂ ಬೇಕು ಎನ್ನುತ್ತದೆ. ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8 ಎಂಬ ಪಾಳಿಗಳಿರುವಲ್ಲಿ, ‘ಹಗಲು ಆರೇ ಗಂಟೆ ಮಾಡಿದ್ದೀರಿ, ರಾತ್ರಿ ಹನ್ನೆರಡಕ್ಕೆ ಸರಿಹೋಯಿತು’ ಎಂಬ ಮಾತು ಕೇಳಿಬರುತ್ತದೆ. 14ನೇ ಕಲಮು ಎಣಿಸುವುದು ದಿನದ ಲೆಕ್ಕವನ್ನು ಎಂಬುದನ್ನು ಆಗ ನೆನಪಿಸಿರಿ.

ಇನ್ನು ಸಾಮಾನ್ಯ ದರ ಯಾವುದು ಎಂಬಲ್ಲಿಯೇ ನಮ್ಮವರು ಮೋಸ ಹೋಗುತ್ತಾರೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ವೇತನದಲ್ಲಿ ಸೇರುತ್ತವೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆಯಂಥವು ಸೇರುವುದಿಲ್ಲ. ಆದರೆ ಹೀಗೆ ಹೊರಗಿಟ್ಟ ಮೊತ್ತ ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದಷ್ಟು ಭಾಗವನ್ನು ವೇತನಕ್ಕೇ ಸೇರಿಸಬೇಕು. ಒಬ್ಬ ಐಸಿಯು ನರ್ಸ್‌ಗೆ ಒಟ್ಟು 31,200 ರೂಪಾಯಿ ಬರುತ್ತದೆ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 13,000, ಇತರ ಭತ್ಯೆ 18,200 ಎಂದುಕೊಳ್ಳೋಣ. ಅರ್ಧವೆಂದರೆ 15,600, ಭತ್ಯೆಗಳು ಅದನ್ನು 2,600ರಷ್ಟು ಮೀರಿವೆ, ಅದನ್ನು 13,000ಕ್ಕೆ ಕೂಡಿಸಿದರೆ ವೇತನ 15,600 ಆಗುತ್ತದೆ. ವಾರದ ರಜೆ ಕಳೆದು ತಿಂಗಳಿಗೆ 26 ದಿನ ಹಿಡಿದರೆ ದಿನಕ್ಕೆ 600, ಗಂಟೆಗೆ 75, ಓ.ಟಿ. ಗಂಟೆಗೆ 150 ರೂಪಾಯಿ. ಬರೀ ಮೂಲ ವೇತನ ಮತ್ತು ತುಟ್ಟಿಭತ್ಯೆಯ 13,000 ಹಿಡಿದು ಕೊಟ್ಟರೆ 125 ಮಾತ್ರ. ಒಂದು ನೈಟ್‌ನ ನಾಲ್ಕು ಹೆಚ್ಚುವರಿ ಗಂಟೆಗೆ 600 ರೂಪಾಯಿ, ಅಂದರೆ ಈ ಲೆಕ್ಕದ ಇಡೀ ಒಂದು ದಿನದ ವೇತನ.

ಗಂಟೆ ಬರೆದಿಡುವುದು

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ನೈಟ್ ಮುಗಿದ ಮೇಲೆ ಬದಲಿ ಸಿಸ್ಟರ್ ಬಾರದೆ ಎಷ್ಟೋ ಸಲ ಮಧ್ಯಾಹ್ನ ಎರಡರವರೆಗೂ ವಾರ್ಡಿನಲ್ಲಿಯೇ ನಿಂತೆ. ‘ಕಾಂಪ್ ಆಫ್ (ಬದಲಿ ರಜೆ) ಕೊಡ್ತೀನಿ ತಗೋರಿ’ ಎಂದು ಇನ್‌ಚಾರ್ಜ್ ಹೇಳಿದ್ದನ್ನು ನಂಬಿದೆ. ಹಾಜರಿ ಪುಸ್ತಕದಲ್ಲಿ ಎಲ್ಲರಂತೆ ಬೆಳಿಗ್ಗೆ 8ಕ್ಕೆ ಹೊರಟೆ ಎಂದೇ ಬರೆದು ಸಹಿ ಹಾಕಿದೆ. ಆರು ತಿಂಗಳ ನಂತರ ಹಣ ಕೇಳಿದಾಗ ನನ್ನದೇ ಸಹಿಯನ್ನು ನನ್ನ ಮುಂದೆ ಹಿಡಿದರು. ಹಾಲಿನ ಪ್ಯಾಕೆಟ್ಟಿನ ಲೆಕ್ಕವನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ತಪ್ಪದೆ ಗೀಚುವ ನಾವು, ದುಡಿದ ಗಂಟೆಯನ್ನು ಮಾತ್ರ ಎಲ್ಲಿಯೂ ಬರೆಯುವುದಿಲ್ಲ. ಅದೇ ಕ್ಯಾಲೆಂಡರಿನ ಮೇಲೆ ಬಂದ ಹೊತ್ತು, ಓವರ್ ಕೊಟ್ಟು (ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸಿ) ಹೊರಟ ಹೊತ್ತು ಎರಡನ್ನೂ ಅಂದಂದೇ ಬರೆಯಿರಿ. ಓವರ್ ಕೊಡಲು ತಗಲುವ ಅರ್ಧ ಗಂಟೆಯೂ ಕೆಲಸವೇ. ಡ್ಯೂಟಿ ಲಿಸ್ಟಿನ ಫೋಟೊ ತೆಗೆದಿಟ್ಟುಕೊಳ್ಳಿರಿ. ಹಿರಿಯರಿಗೆ ಎದುರಾಡಬಾರದೆಂದು ನಮ್ಮ ಮನೆಗಳಲ್ಲಿ ಕಲಿಸಿದ್ದಾರೆ, ಒಳ್ಳೆಯದೇ. ಲೆಕ್ಕ ಕೇಳುವುದು ಎದುರಾಡುವುದಲ್ಲ.

ಕೊಡದಿದ್ದರೆ

ವೇತನ ಚೀಟಿ ಕೊಡುವುದು ಮಾಲೀಕರ ಕರ್ತವ್ಯ. ತಿಂಗಳ ವೇತನ ಮುಂದಿನ ತಿಂಗಳ 7ರೊಳಗೆ, ಕೆಲಸ ಬಿಟ್ಟವರ ಬಾಕಿ ಎರಡು ಕೆಲಸದ ದಿನಗಳೊಳಗೆ ಬರಬೇಕು. ಬಾಕಿ ಕೇಳಲು ಮೂರು ವರ್ಷ ಕಾಲಾವಕಾಶವಿದೆ. ಹೊರಗುತ್ತಿಗೆಯವರಿಗೆ ಗುತ್ತಿಗೆದಾರ ಕೊಡದಿದ್ದರೆ ಆಸ್ಪತ್ರೆಯೇ ಹೊಣೆ.

ಮೊದಲು ಆಸ್ಪತ್ರೆಗೆ ಲಿಖಿತವಾಗಿ ಕೇಳಿರಿ, ನಂತರ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿರಿ. ಗಡಿ ಜಿಲ್ಲೆಯಲ್ಲಿದ್ದೇವೆಂದು ಇಂಗ್ಲಿಷ್ ಬಲ್ಲವರನ್ನು ಹುಡುಕಿಕೊಂಡು ಅಲೆಯುವುದು ಬೇಡ, ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಜೊತೆಗೆ ಬೇಕಾದವು: ನೇಮಕಾತಿ ಪತ್ರ, ವೇತನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಡ್ಯೂಟಿ ಲಿಸ್ಟಿನ ಪ್ರತಿ, ಆ ಕ್ಯಾಲೆಂಡರಿನ ಹಾಳೆಗಳು.