ಒಂದು ಬಾಕ್ಸ್ ಟೊಮೇಟೊ, ಒಂದು ಬಾಟಲಿ

ನಮ್ಮ ಕೋಲಾರದ ಕಡೆ ಟೊಮೇಟೊ ರೇಟು ಬಿತ್ತು ಅಂದರೆ ಮನೆಮನೆಗೂ ಪುಕ್ಕಟೆ ಬರುತ್ತೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಭಾವ ಒಂದು ಬಾಕ್ಸ್, ಅಂದರೆ 15 ಕೇಜಿ, ಬಾಗಿಲಲ್ಲಿ ಇಳಿಸಿ ಹೋದರು. ಎಷ್ಟು ಗೊಜ್ಜು ಮಾಡಿದರೂ ಮುಗಿಯೋ ಹಾಗಿರಲಿಲ್ಲ. ಸರಿ, ಒಣಗಿಸೋಣ ಅಂತ ಕೂತೆ.

ಕಾಲು ಇಂಚಿನ ಬಿಲ್ಲೆ ಮಾಡಿ, ಉಪ್ಪು ಉದುರಿಸಿ, ಮಹಡಿ ಮೇಲೆ ಹಳೇ ಮಂಚದ ಚೌಕಟ್ಟಿಗೆ ಸೊಳ್ಳೆಪರದೆ ಬಿಗಿದು ಹರವಿದೆ. ಕೆಳಗಿಂದಲೂ ಗಾಳಿ ಆಡಬೇಕು. ಪ್ಲಾಸ್ಟಿಕ್ ಹಾಳೆ ಮೇಲೆ ಹಾಕಿದರೆ ಬೆವೆತು ಹುಳಿಯುತ್ತೆ. ಸಂಜೆ ಇಬ್ಬನಿಗೆ ಮುಂಚೆ ಒಳಗೆ ತರೋದು, ಬೆಳಗ್ಗೆ ತಿರುವಿ ಹಾಕೋದು. ಮೂರು ದಿನಕ್ಕೆ ಚಕ್ಕಳದ ಹಾಗಾಯಿತು. ತೂಗಿದರೆ ಒಂದು ಕೇಜಿಯೂ ಇಲ್ಲ!

ಖುಷಿಯಲ್ಲಿ ಡಬ್ಬಿಗೆ ತುಂಬಿದೆ. ಐದನೇ ದಿನ ಮುಚ್ಚಳ ತೆಗೆದರೆ ಬೂಷ್ಟು. ಅಂಚು ಒಣಗಿತ್ತು, ಬೀಜದ ಸುತ್ತ ತೇವ ಹಾಗೇ ಇತ್ತು. ಮೇಲಿನದಷ್ಟೇ ತೆಗೆದು ಉಳಿದದ್ದು ಇಟ್ಟುಕೊಳ್ಳೋಣ ಅಂತ ಆಸೆಯಾಯಿತು, ಆದರೆ ಪೂರ್ತಿ ತಿಪ್ಪೆಗೆ ಹಾಕಿದೆ. ಅವತ್ತಿಂದ ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ತುಂಬಿ, ಒಂದು ವಾರ ದಿನಾ ಕುಲುಕಿ ನೋಡ್ತೀನಿ. ಗಾಜಿನ ಒಳಗೆ ಹಬೆ ಕಟ್ಟಿದ ಹಾಗೆ ಕಂಡರೆ ಮತ್ತೆ ಬಿಸಿಲಿಗೆ. ಹೋಳು ಹರಿದು ಹಿಂಡಿದರೆ ಬೆರಳಿಗೆ ಪಸೆ ಅಂಟಬಾರದು.

ಗೋರಿಕಾಯಿಗೆ ಇಷ್ಟು ಕಾಟ ಇಲ್ಲ. ನಾರು ತೆಗೆದು, ಕುದಿಯೋ ನೀರಲ್ಲಿ ಮೂರು ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ ಒಣಗಿಸಿದರೆ ಬಣ್ಣ ಅಷ್ಟಾಗಿ ಕೆಡಲ್ಲ. ಮುರಿದರೆ ಟಕ್ ಅನ್ನಬೇಕು, ಅಷ್ಟೆ.

ಅಡುಗೆಯಲ್ಲಿ ಎಡವಿದ್ದು ಮಾತ್ರ ಈ ಗೋರಿಕಾಯಿಯಲ್ಲೇ. ಮೊದಲ ಸಲ ಸಾರು ಮಾಡೋಣ ಅಂತ ಒಣ ಕಾಯಿ, ಒಣ ಟೊಮೇಟೊ, ಹುಣಸೆ ರಸ ಎಲ್ಲ ಒಟ್ಟಿಗೆ ಒಲೆ ಮೇಲಿಟ್ಟೆ. ಮುಕ್ಕಾಲು ಗಂಟೆ ಕುದಿಸಿದರೂ ಹಲ್ಲಿಗೆ ಹಗ್ಗ ಸಿಕ್ಕ ಹಾಗೆ! ಹುಳಿ ಬಿದ್ದ ಮೇಲೆ ಕಾಯಿ ಬೇಗ ಮೆತ್ತಗಾಗಲ್ಲ ಅನ್ನೋದು ಆಗ ತಲೆಗೆ ಹೋಯಿತು. ಈಗ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಲ್ಲಿ ಬೇಯಿಸಿ, ಬೆರಳಲ್ಲಿ ಹಿಚುಕಿ ನೋಡಿ, ಆಮೇಲೆ ಟೊಮೇಟೊ, ಹುಣಸೆ, ಖಾರ ಹಾಕ್ತೀನಿ. ಬಿಲ್ಲೆಗಳಲ್ಲಿ ಮೊದಲೇ ಉಪ್ಪು ಇರುತ್ತೆ, ಹಾಗಾಗಿ ಉಪ್ಪು ಕೊನೆಗೆ, ರುಚಿ ನೋಡಿಕೊಂಡು. ಮಳೆಗಾಲದಲ್ಲಿ ಬಿಸಿ ಮುದ್ದೆಗೆ ಈ ಸಾರು ಸೊಗಸು.

ನಮ್ಮತ್ತೆ ಮಾತ್ರ ನಾನು ಆಚೆ ತಿರುಗಿದ ತಕ್ಷಣ ಪಾತ್ರೆಗೆ ಒಂದು ಹಸಿ ಟೊಮೇಟೊ ಹಿಸುಕಿ ಹಾಕ್ತಾರೆ.