ಎನ್ನ ನಾಮಧೇಯ ಮೆಗುಮಿನ್

‘ವಾಗಾ ನಾ ವಾ ಮೆಗುಮಿನ್!’ ಜಪಾನಿನ ಅನಿಮೇಷನ್ ಸರಣಿಯೊಂದರ ಈ ಒಂದೇ ಸಾಲಿಗಾಗಿ ನಾನು ಹನ್ನೊಂದು ಕನ್ನಡ ಸಾಲುಗಳನ್ನು ಬರೆದು ಹೊಡೆದುಹಾಕಿದ್ದೇನೆ. ‘ನನ್ನ ಹೆಸರು ಮೆಗುಮಿನ್’ ಎಂದರೆ ಅರ್ಥವೇನೋ ಬರುತ್ತದೆ, ಆದರೆ ಶಾಲೆಯ ಮೊದಲ ದಿನ ಎದ್ದು ನಿಂತ ಹುಡುಗಿಯ ಮಾತಿನಂತಿರುತ್ತದೆ. ‘ವಾಗಾ ನಾ ವಾ’ ಎನ್ನುವುದು ಇಂದಿನ ಜಪಾನಿನಲ್ಲಿ ಯಾರೂ ಆಡದ, ಹಳೆಯ ಠೀವಿಯ ಮಾತು. ಕೆಂಪು ಕಣ್ಣು, ಮೊನಚು ಟೋಪಿಯ ಮಾಂತ್ರಿಕ ಹುಡುಗಿಯೊಬ್ಬಳು ಮೇಲಂಗಿ ಬೀಸಿ ಅದನ್ನು ಆಡಿದಾಗ ಅಲ್ಲಿನವರಿಗೆ ನಗು ಬರುವುದು ಆ ಠೀವಿಯಿಂದಲೇ.

‘ಕೊನೊಸುಬಾ’ ಎಂಬ ಆ ಸರಣಿಯ ತಲಾ ಹತ್ತು ಕಂತುಗಳ ಎರಡು ಭಾಗಗಳು 2016 ಮತ್ತು 2017ರಲ್ಲಿ ಬಂದವು. ಅವನ್ನು ಅಕ್ಕನ ಪಕ್ಕದಲ್ಲಿ ಕುಳಿತು ನೋಡಿದ್ದೆ. ಅವಳಿಗೆ ಜಪಾನಿ ಭಾಷೆ ಬಾರದು, ಓಡುವ ಇಂಗ್ಲಿಷ್ ಸಾಲುಗಳು ಇಷ್ಟವಾಗವು. ಹಾಗಾಗಿ ನಾನೇ ಬಾಯಲ್ಲಿ ಹೇಳುತ್ತಾ ಹೋದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ನಗುವ ಗಳಿಗೆ ದಾಟಿಹೋಗುತ್ತಿತ್ತು. ಮುಂದುವರಿದ ಕಥೆಯ ಚಲನಚಿತ್ರ, 2019ರ ‘ಲೆಜೆಂಡ್ ಆಫ್ ಕ್ರಿಮ್ಸನ್’, ಡಿಸ್ಕ್‌ನಲ್ಲಿ ಕೈಗೆ ಸಿಕ್ಕಾಗ ಈ ಸಲ ಮೊದಲೇ ಕನ್ನಡದ ಸಬ್‌ಟೈಟಲ್ ಬರೆದಿಟ್ಟುಕೊಳ್ಳಬೇಕೆಂದು ನಿಶ್ಚಯಿಸಿದೆ. ಮನೆಯೊಳಗಿನ ಕೆಲಸ, ನೋಡುವವಳು ಒಬ್ಬಳೇ. ಆದರೂ ಮೂರು ವಾರ ಹಿಡಿಯಿತು.

ಸಂಜೆಗಳಲ್ಲಿ ಕಲಿತ ಜಪಾನಿ ಭಾಷೆ ನನ್ನ ಬಂಡವಾಳ. ಈಜಿಸಬ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ಮಾತಿನ ಆರಂಭ, ಅಂತ್ಯ ಗುರುತಿಸಿದೆ. ಒಮ್ಮೆಗೆ ಎರಡು ಸಾಲು ಮೀರಬಾರದೆಂದು ನಿಯಮ ಹಾಕಿಕೊಂಡೆ. ಮೊದಲು ಕಾಡಿದ್ದು ಒತ್ತಕ್ಷರ. ಮೇಲಿನ ಸಾಲಿನ ‘ಮಂತ್ರ’ದ ಒತ್ತು ಕೆಳಗಿನ ಸಾಲಿನ ‘ಕೀ’ಯ ಗುಡಿಸಿಗೆ ತಗುಲಿ ಎರಡೂ ಓದಲಾಗದಂತಾದವು. ಸಾಲುಗಳ ನಡುವೆ ಅಂತರ ಹೆಚ್ಚಿಸಿದೆ, ಅಕ್ಷರದ ಸುತ್ತಲಿನ ಕಪ್ಪು ಅಂಚನ್ನು ತೆಳುಗೊಳಿಸಿದೆ. ಅಷ್ಟಕ್ಕೆ ಸರಿಹೋಯಿತು.

ಭಾಷೆಯ ಕೆಲಸ ಹಾಗೆ ಮುಗಿಯುವಂಥದ್ದಲ್ಲ. ಈ ಚಿತ್ರ ನಡೆಯುವುದೇ ಮೆಗುಮಿನ್‌ಳ ಊರಿನಲ್ಲಿ. ಇಪ್ಪತ್ತು ಕಂತುಗಳಲ್ಲಿ ಅವಳೊಬ್ಬಳ ವಿಚಿತ್ರ ಚಾಳಿ ಎಂದುಕೊಂಡಿದ್ದ ಪರಿಚಯದ ಪರಿ ಇಡೀ ಕುಲದ ಶಿಷ್ಟಾಚಾರ ಎಂದು ತಿಳಿಯುತ್ತದೆ. ಪಾದರಕ್ಷೆ ಅಂಗಡಿಯವನ ಮಗನೂ, ಬಟ್ಟೆ ಅಂಗಡಿಯವನೂ ಹಾಗೆಯೇ ಗುಡುಗುತ್ತಾರೆ, ತಾವು ಕುಲದಲ್ಲೇ ಅಗ್ರಗಣ್ಯರು ಎನ್ನುತ್ತಾರೆ. ಊರಿನಲ್ಲಿ ಬಟ್ಟೆ ಅಂಗಡಿ ಇರುವುದು ಒಂದೇ! ಈ ರೀತಿಗೆ ನಾಚಿಕೊಳ್ಳುವವಳು ಮೆಗುಮಿನ್‌ಳ ಗೆಳತಿ ಯುನ್‌ಯುನ್ ಒಬ್ಬಳೇ, ಹಾಗಾಗಿ ಅಲ್ಲಿ ಅವಳೇ ವಿಚಿತ್ರ. ಸರಣಿಯೊಂದು ಚಲನಚಿತ್ರವಾಗಿ ಬೆಳೆಯಬೇಕಾದದ್ದು ಹೀಗೆ ಎಂದು ನಾನು ನಂಬುತ್ತೇನೆ: ಹಳೆಯ ನಗೆಯನ್ನೇ ಮತ್ತೆ ಆಡದೆ ಅದರ ತವರನ್ನು ತೋರಿಸಬೇಕು.

ಕೊನೆಗೆ ದಾರಿ ತೋರಿಸಿದ್ದು ಮೂಡಲಪಾಯ ಬಯಲಾಟ. ಅಲ್ಲಿ ವೇಷ ರಂಗಕ್ಕೆ ಬಂದೊಡನೆ ಸಾರಥಿ ‘ತಾವು ಯಾರು?’ ಎಂದು ಕೇಳುತ್ತಾನೆ, ಪಾತ್ರ ತನ್ನ ಬಿರುದು ಬಾವಲಿಗಳನ್ನೆಲ್ಲ ಹೇಳಿಕೊಳ್ಳುತ್ತದೆ. ಆ ಧಾಟಿ ಕಿವಿಗೆ ಬಿದ್ದ ಮೇಲೆ ಹನ್ನೆರಡನೆಯ ಸಾಲು ತಾನಾಗಿ ಬಂತು: ‘ಎನ್ನ ನಾಮಧೇಯ ಮೆಗುಮಿನ್! ಸ್ಫೋಟಮಂತ್ರದ ಒಡತಿ!’ ಮೂಲದಲ್ಲಿ ಮಾತು ಇನ್ನೂ ಉದ್ದವಿದೆ. ವೃತ್ತಿಯ ಹೆಸರನ್ನು ಬಿಡಬೇಕಾಯಿತು, ಅದಕ್ಕೆ ಈಗಲೂ ಬೇಸರವಿದೆ.

ಅದಕ್ಕಿಂತ ಕಠಿಣವಾಗಿದ್ದು ‘ನೀನು’, ‘ನೀವು’. ಮೆಗುಮಿನ್ ಎಲ್ಲರೊಡನೆ ವಿನಯದ ಕ್ರಿಯಾಪದಗಳಲ್ಲಿ ಮಾತನಾಡುತ್ತಾಳೆ, ಕಥಾನಾಯಕ ಕಜುಮಾನೊಡನೆಯೂ ಹಾಗೆಯೇ. ಆದರೆ ಅವನ ಹೆಸರಿಗೆ ಗೌರವದ ‘ಸಾನ್’ ಹಚ್ಚುವುದಿಲ್ಲ. ಮೊದಲ ಕರಡಿನಲ್ಲಿ ‘ನೀವು’ ಹಾಕಿದ್ದೆ. ಅರ್ಧ ಗಂಟೆ ನೋಡಿದ ಅಕ್ಕ ಕೇಳಿದಳು:

“ಇವರಿಬ್ಬರೂ ಒಂದೇ ಮನೆಯಲ್ಲಿ ಇರುವವರಲ್ಲವೇನೋ? ಬಸ್ಸಿನಲ್ಲಿ ಸಿಕ್ಕವರ ಹಾಗೆ ಮಾತಾಡುತ್ತಿದ್ದಾರಲ್ಲ?”

ಅವಳ ಮಾತು ಸರಿಯಾಗಿತ್ತು. ಎಲ್ಲವನ್ನೂ ‘ನೀನು’ ಮಾಡಿದೆ. ವಿನಯವನ್ನು ಉಳಿಸಲು ಅವಳ ವಾಕ್ಯಗಳನ್ನು ಮಾತ್ರ ಅರ್ಧಕ್ಕೆ ಬಿಡದೆ, ಬೈಗುಳವಿಲ್ಲದೆ, ಪೂರ್ಣವಾಗಿ ಬರೆದೆ. ಯುನ್‌ಯುನ್ ಕಜುಮಾನಿಗೆ ಹೇಳುವ ‘ನೀವು’ ಹಾಗೆಯೇ ಉಳಿಯಿತು. ಅದರ ಫಲ ಚಿತ್ರದ ಆರಂಭದಲ್ಲೇ ಸಿಕ್ಕಿತು. ಸಂಕೋಚದ ಆ ಹುಡುಗಿ ಓಡಿಬಂದು ‘ನನಗೆ ನಿಮ್ಮ ಮಗು ಬೇಕು’ ಎಂದಾಗ ಆ ‘ನಿಮ್ಮ’ ಎಂಬ ಪದಕ್ಕೇ ಅಕ್ಕ ನಕ್ಕಳು.

ಸಾಲು ಸಾಲಾಗಿ ಕುಳಿತು ನೋಡಿದವನಿಗೆ ಕೊರತೆಗಳೂ ಕಾಣುತ್ತವೆ. ಓರ್ಕ್ ಎಂಬ ರಾಕ್ಷಸಜಾತಿಯ ಹೆಣ್ಣುಗಳು ಕಜುಮಾನನ್ನು ಅಟ್ಟಿಸಿಕೊಂಡು ಬರುವ ಪ್ರಸಂಗ, ಖಳನಾಯಕಿ ಸಿಲ್ವಿಯಾಳ ದೇಹವನ್ನೇ ಹಾಸ್ಯವಾಗಿಸುವ ಮಾತುಗಳು ನನಗೆ ಹಿಡಿಸಲಿಲ್ಲ. ಅನುವಾದಿಸುವಾಗ ಅವನ್ನು ಮೃದು ಮಾಡಲಿಲ್ಲ, ಇದ್ದಂತೆ ಬರೆದೆ, ಆದರೆ ಸಂತೋಷದಿಂದ ಬರೆಯಲಿಲ್ಲ. ಕಜುಮಾನ ತಂಡದ ಯೋಧೆ ಡಾರ್ಕ್‌ನೆಸ್‌ಗೆ ಇಲ್ಲಿ ಮಾಡಲು ಹೆಚ್ಚೇನೂ ಇಲ್ಲ. ಬಟ್ಟೆ ಒಣಹಾಕುವ ಗಳುವಾಗಿ ಊರವರು ಬಳಸುತ್ತಿದ್ದ ಕೋಲೇ ಬಂದೂಕಿನಂಥ ಪ್ರಾಚೀನ ಮಹಾಯುಧವೆಂದು ತಿಳಿದು, ಮೆಗುಮಿನ್‌ಳ ಪುಟ್ಟ ತಂಗಿ ಕೊಮೆಕ್ಕೊ ಅದರ ಕುದುರೆ (ಟ್ರಿಗರ್) ಎಳೆಯುವ ಕ್ಷಣಕ್ಕಿಂತ ಒಳ್ಳೆಯ ಮುಕ್ತಾಯ ಇರಲಾರದು. ಅದಾದ ಮೇಲೆ ಇನ್ನೊಂದು ದೊಡ್ಡ ಕಾಳಗ ಬರುತ್ತದೆ. ಚೆಲುವಾಗಿದೆ, ಆದರೆ ನನಗೆ ಅದು ಹೆಚ್ಚಾಯಿತು.

ಚಿತ್ರಣದ ಬಗ್ಗೆ ಒಂದು ಮಾತು. ಸರಣಿಯ ಆ ಎರಡು ಭಾಗಗಳನ್ನು ಮಾಡಿದ್ದು ಸ್ಟುಡಿಯೋ ಡೀನ್, ಚಲನಚಿತ್ರವನ್ನು ಮಾಡಿದ್ದು ಜೆ.ಸಿ. ಸ್ಟಾಫ್. ಸಂಸ್ಥೆ ಬದಲಾದರೆ ಆ ಸೊಟ್ಟ ಮುಖಗಳು ನಯವಾಗಿಬಿಡುತ್ತವೆಯೇ ಎಂದು ಹೆದರಿದ್ದೆ. ನಿರ್ದೇಶಕ ತಕಾವೊಮಿ ಕನಸಾಕಿ, ಪಾತ್ರ ವಿನ್ಯಾಸಕಾರ ಕೊಯಿಚಿ ಕಿಕುತಾ ಇಬ್ಬರೂ ಉಳಿದಿದ್ದರಿಂದ ಆ ಮುಖಗಳೂ ಉಳಿದವು.

ನಾನು ಅತಿ ಹೆಚ್ಚು ಸಲ ತಿರುಗಿಸಿ ನೋಡಿದ ಭಾಗದಲ್ಲಿ ಮಾತು ಅತಿ ಕಡಿಮೆ. ದಿನಕ್ಕೆ ಒಮ್ಮೆ ಮಾತ್ರ ಪ್ರಯೋಗಿಸಬಲ್ಲ ಸ್ಫೋಟಮಂತ್ರವನ್ನು ಬಿಟ್ಟು, ಎಲ್ಲರಿಗೂ ಉಪಯೋಗವಾಗುವ ಉನ್ನತ ಮಂತ್ರಗಳನ್ನು ಕಲಿಯಲು ಮೆಗುಮಿನ್ ಮನಸ್ಸು ಮಾಡುತ್ತಾಳೆ. ತನ್ನ ಕೈಯಿಂದ ಅದಾಗದೆ, ಗಳಿಸಿದ ಅಂಕಗಳಿಂದ ಮಂತ್ರ ಕಲಿಯುವ ಕಾರ್ಡನ್ನು ಕಜುಮಾನ ಕೈಗೆ ಕೊಡುತ್ತಾಳೆ. ಅವನು ಅಂಕಗಳನ್ನೆಲ್ಲ ಸ್ಫೋಟಮಂತ್ರದ ಬಲಕ್ಕೇ ಹಾಕುತ್ತಾನೆ, ಅವಳಿಗೆ ಹೇಳುವುದಿಲ್ಲ. ಕೊನೆಯದೆಂದುಕೊಂಡು ಅವಳು ಆ ಮಂತ್ರವನ್ನು ಪ್ರಯೋಗಿಸಿದಾಗ ಆಕಾಶವೇ ತುಂಬಿಹೋಗುತ್ತದೆ. ಅಲ್ಲಿ ನಾನು ಆವರಣದಲ್ಲಿ ಒಂದು ವಿವರಣೆ ಬರೆದಿದ್ದೆ. ಅಕ್ಕನಿಗೆ ತೋರಿಸುವ ಹಿಂದಿನ ರಾತ್ರಿ ಅದನ್ನು ಅಳಿಸಿದೆ.

ಮರುದಿನ ಆ ದೃಶ್ಯ ಬಂದಾಗ ಪರದೆಯ ಕೆಳಭಾಗ ಖಾಲಿಯಿತ್ತು. ಅಕ್ಕ ರಿಮೋಟ್ ತೆಗೆದುಕೊಂಡು ಸ್ವಲ್ಪ ಹಿಂದಕ್ಕೆ ಹೋದಳು, ಕಜುಮಾ ಕಾರ್ಡಿನ ಮೇಲೆ ಬೆರಳಾಡಿಸುವಲ್ಲಿಗೆ. “ಓಹ್, ಇವನು ಅದನ್ನೇ ಒತ್ತಿದ್ದಾನೆ” ಎಂದಳು.