ಜೀಪಿನ ಸ್ಟೇರಿಂಗ್ ನಡುಗ್ತಾ ಇದ್ಯಾ? ಡ್ಯಾಂಪರ್ ತಗೊಳ್ಳೋ ಮುಂಚೆ ಇಷ್ಟು ನೋಡಿ

ಕೊಡಗಿನ ಒಳಗೇ ಓಡಾಡೋ ಜೀಪಿಗೆ ಈ ಕಾಯಿಲೆ ಇದ್ರೂ ಎಷ್ಟೋ ದಿನ ಗೊತ್ತೇ ಆಗಲ್ಲ. ವಿರಾಜಪೇಟೆ, ಸೋಮವಾರಪೇಟೆ ಕಡೆ ತಿರುವುಗಳಲ್ಲಿ ಅಬ್ಬಬ್ಬಾ ಅಂದ್ರೆ ನಲವತ್ತು, ತೋಟದ ಒಳಗೆ ಸೆಕೆಂಡ್ ಗೇರ್, ಮಾಂದಲಪಟ್ಟಿ ಹತ್ತೋವಾಗ ಅದೂ ಇಲ್ಲ. ಕುಶಾಲನಗರ ದಾಟಿ ಬೈಲಕುಪ್ಪೆ ಕಡೆ ರೋಡು ನೆಟ್ಟಗಾಗಿ ಮುಳ್ಳು 60ರ ಹತ್ರ ಬಂತು ನೋಡಿ, ಒಂದು ಸಣ್ಣ ಗುಂಡಿಗೆ ಮುಂದಿನ ಚಕ್ರ ಇಳಿದದ್ದೇ ತಡ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಬಡ್ಕೊಳ್ಳೋಕೆ ಶುರು ಮಾಡ್ತದೆ, ಕೈಯಲ್ಲಿ ಹಿಡಿದ್ರೂ ನಿಲ್ಲಲ್ಲ. ಆಗ ಗಾಬರಿಯಲ್ಲಿ ಬ್ರೇಕ್ ತುಳಿದು ನಿಲ್ಲಬೇಡಿ, ಭಾರ ಪೂರ್ತಿ ಮುಂದೆ ಬಂದು ಇನ್ನೂ ಜಾಸ್ತಿ ಆಗಬಹುದು. ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ಗಟ್ಟಿಯಾಗಿ ಹಿಡೀರಿ, ಸ್ಪೀಡ್ ತಾನಾಗಿ ಇಳೀಲಿ, ಇಳಿದ್ರೆ ನಿಲ್ತದೆ.

ಇಷ್ಟಾದ್ಮೇಲೆ ಹೆಚ್ಚಿನವರು ಮಾಡೋದು ಒಂದೇ, ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್ ರಾಡಿನ ಬಡಿತ ತಡೆಯೋ ಸಣ್ಣ ಶಾಕ್ ಅಬ್ಸಾರ್ಬರ್) ತಂದು ಹಾಕ್ಸೋದು. ನನಗೆ ಕೇಳಿದ್ರೆ ಅದು ಕೊನೇ ಕೆಲಸ. ಡ್ಯಾಂಪರ್ ನಡುಕವನ್ನ ತಡೀತದೆ ಅಷ್ಟೇ, ನಡುಕ ಹುಟ್ಟಿದ್ದು ಎಲ್ಲೋ ಸವೆದ ಜಾಯಿಂಟ್‌ನಲ್ಲಿ, ಅದು ಒಳಗೊಳಗೇ ಸವೀತಾನೇ ಇರ್ತದೆ.

ಮೊದಲು ಯಾವಾಗ ನಡುಗ್ತದೆ ಅಂತ ಗಮನಿಸಿ

ಅರ್ಧ ಉತ್ತರ ಇಲ್ಲೇ ಸಿಗ್ತದೆ. ಒಂದು ಸ್ಪೀಡಿನಲ್ಲಿ ಮಾತ್ರ, ಅಂದ್ರೆ 70-80ರ ಹತ್ರ ಸಣ್ಣಗೆ ಜುಂ ಅಂದು ಅದನ್ನ ದಾಟಿದ್ರೆ ಕಡಿಮೆ ಆಗ್ತದೆ ಅಂದ್ರೆ ಹೆಚ್ಚುಕಮ್ಮಿ ಟೈರ್ ಅಥವಾ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ಅಂದ್ರೆ ಬ್ರೇಕ್ ಡಿಸ್ಕ್ ಅಥವಾ ಡ್ರಮ್ ನೋಡಿ. ಗುಂಡಿಗೆ ಬಿದ್ದ ಮೇಲೆ ಶುರುವಾಗಿ ನಿಧಾನ ಮಾಡೋ ತನಕ ನಿಲ್ಲದೇ ಇದ್ರೆ ಅದು ಲೂಸ್ ಜಾಯಿಂಟ್, ಕಿಂಗ್‌ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಪಿನ್ನು) ಅಥವಾ ಜಿಯೊಮೆಟ್ರಿ (ಚಕ್ರ ಕೂತಿರೋ ಕೋನಗಳು). ಈ ಮೂರನೇದು ಮುಂದೆ ಗಟ್ಟಿ ಆಕ್ಸಲ್ (ಎರಡೂ ಚಕ್ರಕ್ಕೆ ಸೇರಿ ಒಂದೇ ಆಕ್ಸಲ್) ಇರೋ ಗಾಡಿಗಳದ್ದೇ ಕಾಯಿಲೆ: ಮಹೀಂದ್ರದ ಹಳೆ ಮೇಜರ್, ಎಂಎಂ 540, ಜಿಪ್ಸಿ, ಈಗಿನ ಜಿಮ್ನಿ. ಥಾರ್ ಸಿಆರ್‌ಡಿಇ, 2020ರ ಹೊಸ ಥಾರ್ ಇವಕ್ಕೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರವೂ ಬೇರೆ ಬೇರೆಯಾಗಿ ಏರಿಳಿಯೋದು), ಅವಕ್ಕೆ ಕಿಂಗ್‌ಪಿನ್ ಬದಲು ಬಾಲ್ ಜಾಯಿಂಟ್ ನೋಡಬೇಕು, ಟೈರ್, ಬ್ಯಾಲೆನ್ಸಿಂಗ್ ನೋಡೋದು ಮಾತ್ರ ಒಂದೇ.

ಟೈರ್, ರಿಮ್ಮು, ಕೆಸರು

ಮಳೆಗಾಲದಲ್ಲಿ ತೋಟದಿಂದ ಬಂದ ಗಾಡಿಯ ರಿಮ್ಮಿನ ಒಳಬದಿಗೆ ಕೈ ಹಾಕಿ ನೋಡಿ, ಒಣಗಿದ ಮಣ್ಣು ಮುದ್ದೆ ಮುದ್ದೆ ಸಿಗ್ತದೆ. ಬ್ಯಾಲೆನ್ಸಿಂಗ್ ಮಾಡೋನು ಹತ್ತು ಗ್ರಾಂ, ಇಪ್ಪತ್ತು ಗ್ರಾಂ ಅಂತ ಸೀಸ ಅಂಟಿಸ್ತಾನೆ, ಇಲ್ಲಿ ಒಂದೇ ಕಡೆ ಕಾಲು ಕೆಜಿ ಮಣ್ಣು ಕೂತಿದ್ರೆ ನಡುಗದೇ ಇನ್ನೇನು. ಮೊದಲು ತೊಳೀರಿ. ಆಮೇಲೆ ಗಾಳಿ. ಕೆಸರಿಗೆ ಇಳಿಸೋಕೆ ಅಂತ 15-18 ಪಿಎಸ್‌ಐಗೆ ಇಳಿಸಿ ಮತ್ತೆ ತುಂಬೋದು ಮರೆತವರು ಬೇಕಾದಷ್ಟು ಜನ ಇದ್ದಾರೆ, ಗಾಡಿ ಮೇಲಿನ ಪ್ಲೇಟಲ್ಲಿ ಏನು ಬರೆದಿದೆಯೋ ಅಷ್ಟು ತುಂಬಿ ಮತ್ತೆ ಓಡ್ಸಿ. ಆಮೇಲೂ ಹೋಗ್ಲಿಲ್ಲ ಅಂದ್ರೆ ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನದ್ದು ಮುಂದಕ್ಕೆ ಹಾಕಿ. ಸ್ಟೇರಿಂಗ್ ಸುಮ್ಮನಾಗಿ ಸೀಟಿನ ಕೆಳಗೆ ನಡುಕ ಬಂತೋ, ತಪ್ಪು ಚಕ್ರದ್ದೇ. ಕಾಸಿಲ್ಲದ ಪರೀಕ್ಷೆ ಇದು. ಚಕ್ರ ಎತ್ತಿ ತಿರುಗಿಸಿ ಪಕ್ಕದಲ್ಲಿ ಒಂದು ಕಡ್ಡಿ ಸ್ಥಿರವಾಗಿ ಹಿಡಿದು ನೋಡಿದ್ರೆ ರಿಮ್ಮು ಬೆಂಡಾಗಿದ್ಯಾ, ಟೈರಲ್ಲಿ ಉಬ್ಬು ಇದ್ಯಾ ಅಂತಾನೂ ಕಾಣ್ತದೆ, ಉಬ್ಬು ಕಂಡ್ರೆ ಆ ಟೈರು ಬ್ಯಾಲೆನ್ಸ್ ಮಾಡಿಸೋದಲ್ಲ, ಬಿಸಾಕೋದೇ.

ಒಬ್ಬ ಮೇಲೆ, ಒಬ್ಬ ಕೆಳಗೆ

ಇನ್ನು ನಿಜವಾದ ಹುಡುಕಾಟ. ನಮ್ಮಲ್ಲಿ ಸಮತಟ್ಟು ಜಾಗ ಸಿಗೋದೇ ಕಷ್ಟ, ಅದಕ್ಕೆ ಕಾಫಿ ಒಣಗಿಸೋ ಸಿಮೆಂಟ್ ಕಣಕ್ಕಿಂತ ಒಳ್ಳೇ ವರ್ಕ್‌ಶಾಪ್ ಇಲ್ಲ (ಕಾಫಿ ಹರಡಿರೋವಾಗ ಹೋದ್ರೆ ಮನೆಯವರ ಹತ್ರ ಬೈಸ್ಕೊಳ್ತೀರಿ). ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲಿಡಿ, ಚಕ್ರಗಳು ನೆಲದ ಮೇಲೇ ಇರಲಿ. ಒಬ್ಬ ಒಳಗೆ ಕೂತು ಸ್ಟೇರಿಂಗನ್ನ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಅಲ್ಲಾಡಿಸ್ತಾ ಇರಲಿ, ಪವರ್ ಸ್ಟೇರಿಂಗ್ ಆಗಿದ್ರೆ ಎಂಜಿನ್ ಆನ್ ಇರಲಿ, ಇನ್ನೊಬ್ಬ ಕೆಳಗೆ ಟಾರ್ಚ್ ಹಿಡಿದು ನೋಡ್ಲಿ. ಸ್ಟೇರಿಂಗ್ ಬಾಕ್ಸ್‌ನಿಂದ ಶುರು ಮಾಡಿ ಚಕ್ರದ ತನಕ ಒಂದೊಂದೇ ಜಾಯಿಂಟಿಗೆ ಬೆರಳಿಟ್ಟು ನೋಡಬೇಕು, ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗ್ತದೆ. ಪಿಟ್ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸ್‌ನಿಂದ ಹೊರಬರೋ ತೋಳು), ಡ್ರ್ಯಾಗ್ ಲಿಂಕ್ (ಆ ತೋಳಿನಿಂದ ಚಕ್ರದ ಕಡೆ ಹೋಗೋ ರಾಡು), ಟೈ ರಾಡ್ (ಎರಡೂ ಚಕ್ರ ಸೇರಿಸೋ ರಾಡು) ಎಂಡ್‌ಗಳು, ಜಿಮ್ನಿ ತರ ಕಾಯಿಲ್ ಸ್ಪ್ರಿಂಗ್ ಗಾಡಿ ಆದ್ರೆ ಆಕ್ಸಲನ್ನ ಅಡ್ಡಡ್ಡ ಹಿಡಿಯೋ ಪ್ಯಾನ್‌ಹಾರ್ಡ್ ರಾಡಿನ ಎರಡೂ ಬುಶ್ (ತುದಿಯ ರಬ್ಬರ್), ಲೀಫ್ ಸ್ಪ್ರಿಂಗ್ ಆದ್ರೆ ಶ್ಯಾಕಲ್ (ಸ್ಪ್ರಿಂಗಿನ ತುದಿ ಹಿಡಿಯೋ ಕೊಂಡಿ) ಬುಶ್ ಮತ್ತು ಸ್ಪ್ರಿಂಗನ್ನ ಆಕ್ಸಲಿಗೆ ಬಿಗಿಯೋ ಯು ಬೋಲ್ಟ್. ಒಂದು ಭಾಗ ಅಲ್ಲಾಡಿ ಅದಕ್ಕೆ ಸೇರಿದ ಭಾಗ ತಡವಾಗಿ ಅಲ್ಲಾಡ್ತೋ, ಸಿಕ್ತು ಅಂತ ಲೆಕ್ಕ. ಹಳೆ ಜೀಪಲ್ಲಿ ಸ್ಟೇರಿಂಗ್ ಬಾಕ್ಸ್ ಕೂತಿರೋ ಜಾಗದಲ್ಲಿ ಚಾಸಿಯೇ ಬಿರುಕು ಬಿಟ್ಟಿರೋದೂ ಉಂಟು, ಮಣ್ಣು ಕೆರೆದು ನೋಡಿ.

ಸ್ಟೇರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಟೈಟ್ ಮಾಡಿದ್ರೆ ಆಟ (ಸಡಿಲ) ಹೋಗ್ತದೆ ಅಂತ ಯಾರಾದ್ರೂ ಹೇಳ್ತಾರೆ, ಉಳಿದ ಜಾಯಿಂಟ್ ನೋಡದೇ ಅದನ್ನ ಮುಟ್ಬೇಡಿ, ಜಾಸ್ತಿ ಟೈಟಾದ್ರೆ ತಿರುವಲ್ಲಿ ಸ್ಟೇರಿಂಗ್ ತಾನಾಗಿ ವಾಪಸ್ ಬರಲ್ಲ, ಘಾಟಿಯಲ್ಲಿ ಅದು ನಡುಕಕ್ಕಿಂತ ಅಪಾಯ.

ಕಿಂಗ್‌ಪಿನ್

ಈಗ ಮುಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜ್ಯಾಕ್ ನಂಬಿ ಕೆಳಗೆ ಹೋಗ್ಬೇಡಿ. ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಬಂದ್ರೆ ಅದು ವೀಲ್ ಬೇರಿಂಗ್ ಇರಬಹುದು, ಕಿಂಗ್‌ಪಿನ್ ಬೇರಿಂಗ್ ಇರಬಹುದು. ಎರಡನ್ನ ಬೇರೆ ಮಾಡೋದು ಹೀಗೆ: ಒಳಗೆ ಕೂತವನಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಆಟ ಹೋಯ್ತು ಅಂದ್ರೆ ವೀಲ್ ಬೇರಿಂಗ್, ಹಾಗೇ ಉಳೀತು ಅಂದ್ರೆ ಕಿಂಗ್‌ಪಿನ್. ಜಿಪ್ಸಿಯವರು ಇದನ್ನ ಬಿಡಲೇಬಾರದು. ಎಷ್ಟೋ ಸಲ ಆಟ ಕೈಗೆ ಗೊತ್ತಾಗದೇ ಇದ್ರೂ ಬೇರಿಂಗ್ ಮೇಲಿನ ಬಿಗಿ ಹೋಗಿರ್ತದೆ, ಟೈ ರಾಡ್ ಬಿಚ್ಚಿ ನಕಲ್ಲನ್ನ (ಚಕ್ರ ಹೊತ್ತು ಕಿಂಗ್‌ಪಿನ್ ಮೇಲೆ ತಿರುಗೋ ಭಾಗ) ಸ್ಪ್ರಿಂಗ್ ತಕ್ಕಡಿ ಕೊಕ್ಕೆಯಿಂದ ಎಳೆದು ಎಷ್ಟು ಕೆಜಿಗೆ ತಿರುಗ್ತದೆ ಅಂತ ಮ್ಯಾನುಯಲ್ ಜೊತೆ ಹೋಲಿಸಬೇಕು. ಕಾಫಿ ತೂಗೋ ದೊಡ್ಡ ತಕ್ಕಡಿ ಬೇಡ, ಅದರಲ್ಲಿ ಒಂದೆರಡು ಕೆಜಿ ಗೊತ್ತೇ ಆಗಲ್ಲ, ಸಣ್ಣದು ತಗೊಳ್ಳಿ. ಬೇರಿಂಗ್ ಚೆನ್ನಾಗಿದ್ದು ಬಿಗಿ ಮಾತ್ರ ಕಡಿಮೆ ಇದ್ರೆ ಒಂದು ತೆಳು ಶಿಮ್ (ಬಿಗಿ ಹೊಂದಿಸೋ ತಗಡಿನ ಬಿಲ್ಲೆ) ತೆಗೆದ್ರೆ ಸಾಕಾಗ್ತದೆ, ಗ್ರೀಸಲ್ಲಿ ನೀರು ಸೇರಿ ಬೇರಿಂಗ್ ತುಕ್ಕು ಹಿಡಿದಿದ್ರೆ ಬೇರಿಂಗೂ ಸೀಲೂ ಎರಡೂ ಹೊಸದು ಹಾಕಿ. ಹೊಳೆ ದಾಟಿಸೋ ಗಾಡಿಗಳಿಗೆ ಇದು ಮಾಮೂಲು.

ಎತ್ತರ ಮಾಡಿಸಿದ್ರಾ?

ಜಾಯಿಂಟೆಲ್ಲ ಗಟ್ಟಿ ಇದ್ದೂ ನಡುಗಿದ್ರೆ, ನಡುಕ ಶುರುವಾದದ್ದು ಲಿಫ್ಟ್ ಮಾಡಿಸಿದ ಮೇಲಾ, ಅಗಲದ ಟೈರ್ ಹಾಕಿಸಿದ ಮೇಲಾ ಯೋಚ್ನೆ ಮಾಡಿ. ಕಿಂಗ್‌ಪಿನ್ನಿನ ತಲೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು, ಅದು ಕ್ಯಾಸ್ಟರ್, ಸ್ಟೇರಿಂಗ್ ನೆಟ್ಟಗೆ ಬರೋದು ಅದರಿಂದ. ಜಿಮ್ನಿ ತರ ರೇಡಿಯಸ್ ಆರ್ಮ್ ಇರೋ ಗಾಡಿ ಎತ್ತರ ಆದಷ್ಟೂ ಕ್ಯಾಸ್ಟರ್ ಕಡಿಮೆ ಆಗ್ತದೆ, ಲೀಫ್ ಸ್ಪ್ರಿಂಗ್ ಗಾಡಿಗೆ ಆಕ್ಸಲ್ ಮತ್ತು ಸ್ಪ್ರಿಂಗ್ ಮಧ್ಯೆ ಬೆಣೆ ಇಟ್ಟು ಸರಿ ಮಾಡ್ತಾರೆ. ಹಾಗಂತ ಅತಿಯಾಗಿ ಕೊಟ್ರೂ ನಡುಗ್ತದೆ. ಹಿಂದೆ ಕಾಫಿ ಮೂಟೆ ತುಂಬಿ ಹಿಂಭಾಗ ಕೂತಾಗ ಕ್ಯಾಸ್ಟರ್ ಇನ್ನೂ ಜಾಸ್ತಿ ಆಗಿ ಮುಂದಿನ ಭಾರವೂ ಇಳೀತದೆ, ಅದಕ್ಕೆ ಖಾಲಿ ಗಾಡಿಯಲ್ಲೂ ಲೋಡಲ್ಲೂ ಎರಡು ಸಲ ಓಡ್ಸಿ ನೋಡಿ. ಟೋ, ಅಂದ್ರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿವೆ ಅನ್ನೋದು, ಮನೇಲೇ ಅಳೀಬಹುದು: ಎರಡೂ ಟೈರಿನ ನಡು ಗೆರೆಗೆ ಚಾಕ್ ಹಚ್ಚಿ ಮುಂದೊಂದು ಅಳತೆ, ಹಿಂದೊಂದು ಅಳತೆ, ಮುಂದಿನದ್ದು ಕೆಲವೇ ಮಿಲಿಮೀಟರ್ ಕಡಿಮೆ ಬರಬೇಕು. ಕ್ಯಾಸ್ಟರಿಗೆ ಮಾತ್ರ ಅಲೈನ್ಮೆಂಟ್ ಅಂಗಡಿಗೇ ಹೋಗ್ಬೇಕು. ಬರೀ ಟೋ ಸರಿ ಮಾಡಿ ಆಯ್ತು ಅಂತ ಕಳ್ಸಿದ್ರೆ ಬರಬೇಡಿ, ಕ್ಯಾಸ್ಟರ್ ನಂಬರ್ ಇರೋ ಪ್ರಿಂಟ್ ಕೇಳಿ ತಗೊಳ್ಳಿ, ಎಡಕ್ಕೂ ಬಲಕ್ಕೂ ತುಂಬ ವ್ಯತ್ಯಾಸ ಇದ್ರೆ ಆಕ್ಸಲ್ಲೇ ಬೆಂಡಾಗಿರಬಹುದು.

ಇಷ್ಟೆಲ್ಲ ಆಗಿ, ಡ್ಯಾಂಪರ್ ಬಿಚ್ಚಿಟ್ಟು ನಿಧಾನವಾಗಿ, ಖಾಲಿ ರೋಡಲ್ಲಿ, ಸ್ಪೀಡ್ ಸ್ವಲ್ಪ ಸ್ವಲ್ಪವೇ ಏರಿಸ್ತಾ ಓಡ್ಸಿ. ಅದಿಲ್ಲದೇನೂ ಸುಮ್ಮನಿದ್ರೆ ರಿಪೇರಿ ಸರಿಯಾಗಿದೆ, ಆಗ ಡ್ಯಾಂಪರ್ ವಾಪಸ್ ಹಾಕಿ, ಅದರಿಂದ ಎಣ್ಣೆ ಸೋರಿದ್ರೆ ಹೊಸದು ತಗೊಳ್ಳೋಕೆ ಈಗ ಅಡ್ಡಿಯಿಲ್ಲ.